ಯಾರ ಕರೆ ಬಂದರೂ ತೆಗೆಯುವವಳು

ನನ್ನ ಅಕ್ಕ ಯೋರುನ್‌ಗೆ ಎಂಬತ್ತು ದಾಟಿದೆ. ಮಂಡಿ ಹೋಗಿದೆ, ಕಿವಿ ಚೆನ್ನಾಗಿದೆ, ತಲೆ ನನ್ನದಕ್ಕಿಂತ ಚುರುಕಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಳೆದ ಚಳಿಗಾಲದಲ್ಲಿ ಅವಳ ತಲೆ ಸರಿಯಿಲ್ಲವೆಂದು ಸಾಧಿಸಲು ಹೊರಟವರಲ್ಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಇದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದ್ವೀಪದ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮದುವೆಯಾಗದೆ, ಯಾರ ಹಂಗೂ ಇಲ್ಲದೆ, ಮೀನು ಕಾರ್ಖಾನೆಯ ತಣ್ಣೀರಿನಲ್ಲಿ ಕೈಯಿಟ್ಟು ಆಯಸ್ಸು ಕಳೆದವಳಿಗೆ ಮೈಯಲ್ಲಿ ಒಂದಿಷ್ಟು ಬಿಸಿ ಬೇಕಾಗುತ್ತದೆ.

ಅಕ್ಕ ಹಾಗಲ್ಲ. ಅವಳದು ತಾಳ್ಮೆಯ ಜಾತಿ. ನಮ್ಮ ದ್ವೀಪದಲ್ಲಿ ಜನ ತಾವೇ ನಂಬರು ತಿರುಗಿಸುವ ಕಾಲ ಬರುವ ಮುಂಚೆ ಎಲ್ಲರ ಕರೆಯೂ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದ ಹಲಗೆಯ ಮೂಲಕವೇ ಹೋಗಬೇಕಿತ್ತು. ಹಲಗೆಯ ತುಂಬ ತೂತುಗಳು, ಒಂದೊಂದು ಮನೆಗೆ ಒಂದೊಂದು. ಅಕ್ಕ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು ಒಂದು ತೂತಿನಿಂದ ಇನ್ನೊಂದಕ್ಕೆ ತಂತಿ ಚುಚ್ಚಿ ಮಾತು ಕೂಡಿಸುತ್ತಿದ್ದಳು. ಹದಿನೇಳಕ್ಕೆ ಆ ಕುರ್ಚಿಯಲ್ಲಿ ಕೂತವಳು, ತಂತಿ ಚುಚ್ಚುವ ಕಾಲ ಮುಗಿದು ಹಲಗೆಯನ್ನು ಕಿತ್ತುಕೊಂಡು ಹೋಗುವವರೆಗೂ ಏಳಲಿಲ್ಲ. ಗಂಡ ಸಮುದ್ರಕ್ಕೆ ಹೋಗುತ್ತಿದ್ದ, ಮಗ ಐವಿನ್ ಅವಳ ಕಾಲ ಬುಡದಲ್ಲಿ ಆಡಿಕೊಂಡು ಬೆಳೆದ.

ಆ ಕೆಲಸಕ್ಕೆ ಅದರದೇ ಶಿಸ್ತು. ಕರೆ ಬಂದರೆ ತೆಗೆಯಲೇಬೇಕು, ಯಾರದೇ ಆಗಿರಲಿ. ಅವರು ಹೇಳಿದ್ದನ್ನು ತಿರುಗಿ ಹೇಳಬೇಕು, ತಪ್ಪು ಮನೆಗೆ ತಂತಿ ಹೋಗದಿರಲೆಂದು. ಮಾತಿನ ನಡುವೆ ಬಾಯಿ ಹಾಕಬಾರದು. ಮಾತು ಮುಗಿಯಿತೇ ಎಂದು ಕೇಳಿ, ಮುಗಿಯಿತು ಎಂದ ಮೇಲೆಯೇ ತಂತಿ ಎಳೆಯಬೇಕು. ಒಮ್ಮೆ ಹೆರಿಂಗ್ ಮೀನು ಹಿಡಿಯಲು ಹೋದ ದೋಣಿ ಬಿರುಗಾಳಿಗೆ ಸಿಕ್ಕಿ, ಅದರಲ್ಲಿದ್ದವನ ಹೆಂಡತಿ ಬಂದರಿನ ಕಚೇರಿಗೆ ಕರೆ ಮಾಡಿ ಏನೂ ಮಾತಾಡಲಾರದೆ ಬರೀ ಅಳುತ್ತಿದ್ದಳಂತೆ. ಅಕ್ಕ ಆ ತಂತಿಯನ್ನು ಎಳೆಯದೆ ದೋಣಿ ಬರುವವರೆಗೂ ಹಾಗೇ ಬಿಟ್ಟಿದ್ದಳು. ಮೇಲಿನವರಿಂದ ಬೈಗುಳ ಬಂತು. ಅದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ತಂತಿಯ ಇನ್ನೊಂದು ತುದಿಯಲ್ಲಿ, ಕ್ರಿಸ್ಟಿಯಾನ್‌ಸುಂಡ್ ಪಟ್ಟಣದ ದೊಡ್ಡ ಹಲಗೆಯ ಮುಂದೆ ಕೂರುತ್ತಿದ್ದವಳು ಬೋರ್ಗಿಲ್ಡ್. ಇಬ್ಬರೂ ಮುಖ ನೋಡುವ ಮೊದಲೇ ವರ್ಷಗಟ್ಟಲೆ ಒಬ್ಬರ ಉಸಿರು ಇನ್ನೊಬ್ಬರಿಗೆ ಪರಿಚಯವಿತ್ತು. ಕರೆಗಳಿಲ್ಲದ ಹೊತ್ತಿನಲ್ಲಿ ಗಂಡನ ದೂರು, ಅತ್ತೆಯ ಕಾಟ, ಹೆರಿಗೆ, ಹೊಲಿಗೆ ಎಲ್ಲವೂ ಆ ತಂತಿಯಲ್ಲೇ ನಡೆದುಹೋಯಿತು. ನಾನು ಒಡಹುಟ್ಟಿದವಳು, ನನಗೆ ಹೇಳದ್ದನ್ನು ಅಕ್ಕ ಅವಳಿಗೆ ಹೇಳಿದ್ದಾಳೆ. ನನಗೆ ಅದರ ಹೊಟ್ಟೆಕಿಚ್ಚು ಈಗಲೂ ಇದೆ.

ಈಗ ಬೋರ್ಗಿಲ್ಡ್ ಪಟ್ಟಣದ ವೃದ್ಧರ ಆರೈಕೆ ಮನೆಯಲ್ಲಿದ್ದಾಳೆ. ಕಣ್ಣು ಮುಕ್ಕಾಲು ಹೋಗಿದೆ, ಕೈ ನಡುಗುತ್ತದೆ, ಮೊಬೈಲಿನ ಗಾಜು ಒತ್ತಲು ಆಗುವುದಿಲ್ಲ. ಕೋಣೆಗಳಲ್ಲಿದ್ದ ತಂತಿ ಫೋನುಗಳನ್ನು ಕಿತ್ತು ಹಾಕಿದ ಮೇಲೆ ಅವಳಿಗೆ ಉಳಿದದ್ದು ಒಂದೇ ದಾರಿ. ದಾದಿಯೋ, ಅಡುಗೆಯವನೋ, ಪಕ್ಕದ ಕೋಣೆಯವರನ್ನು ನೋಡಲು ಬಂದವರೋ ಸಿಕ್ಕರೆ ಅಕ್ಕನ ನಂಬರು ಬಾಯಲ್ಲಿ ಹೇಳಿ, ಅವರ ಫೋನಿನಿಂದ ಒಂದು ಕರೆ ಮಾಡಿಸಿಕೊಳ್ಳುವುದು. ನಾವು ಇಲ್ಲಿಂದ ಆ ಮನೆಯ ನಂಬರಿಗೆ ಮಾಡಿದರೆ ಈಗ ಊಟದ ಹೊತ್ತು, ಈಗ ಸ್ನಾನದ ಹೊತ್ತು, ಆಮೇಲೆ ಮಾಡಿ ಎನ್ನುತ್ತಾರೆ. ಹಾಗಾಗಿ ಬೋರ್ಗಿಲ್ಡ್ ಪ್ರತಿ ಸಲವೂ ಗುರುತಿಲ್ಲದ ಹೊಸ ನಂಬರಿನಿಂದಲೇ ಬರುತ್ತಾಳೆ.

ಟೀವಿಯಲ್ಲಿ, ಪತ್ರಿಕೆಯಲ್ಲಿ, ಬ್ಯಾಂಕಿನ ಗೋಡೆಯ ಮೇಲೆ ಬುದ್ಧಿವಂತರು ಬರೆದಿರುತ್ತಾರೆ: ಗೊತ್ತಿಲ್ಲದ ನಂಬರಿನ ಕರೆ ತೆಗೆಯಬೇಡಿ. ಎಷ್ಟು ಸುಲಭ. ಅಕ್ಕ ತೆಗೆಯದೆ ಇದ್ದರೆ ಬೋರ್ಗಿಲ್ಡ್ ಇಲ್ಲ.

ಮಾರಾಟದ ಕರೆಗಳು ಬರಬಾರದೆಂದು ಅಕ್ಕನ ನಂಬರನ್ನು ಸರ್ಕಾರದ ಪಟ್ಟಿಗೆ ಎಂದೋ ಸೇರಿಸಿದ್ದೆವು. ಆ ಪಟ್ಟಿಯಲ್ಲಿರುವವರಿಗೆ ಯಾವ ಅಂಗಡಿಯವನೂ ಕರೆ ಮಾಡುವಂತಿಲ್ಲ. ಆದರೂ ಒಬ್ಬ ಹುಡುಗ ಮಾಡಿದ, ಹೆಸರು ಸಾಂಡರ್ ಅಂತೆ. ಅವನು ಮಾರಲು ಬಂದದ್ದು ಏನೆಂದುಕೊಂಡಿರಿ? ಮೀನೆಣ್ಣೆಯ ಗುಳಿಗೆ. ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆಯನ್ನು ಹುಟ್ಟಿದಾಗಿನಿಂದ ಚಮಚದಲ್ಲಿ ಕುಡಿದು ಮುಖ ಕಿವುಚಿಕೊಂಡು ಬೆಳೆದವರಿಗೆ, ಕಾರ್ಖಾನೆಯ ಹಿಂದೆ ಆ ಎಣ್ಣೆಯ ನಾತದಲ್ಲೇ ಮನೆ ಕಟ್ಟಿಕೊಂಡವರಿಗೆ, ಪೇಟೆಯಲ್ಲಿ ಕೂತ ಹುಡುಗ ಮೀನೆಣ್ಣೆಯ ಮಹಿಮೆ ಹೇಳುತ್ತಾನೆ. ನನಗೆ ಮಾಡಿದ್ದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದೆ.

ಪೊಟ್ಟಣ ಬಂದ ದಿನ ನಾನು ಅಕ್ಕನ ಅಡುಗೆಮನೆಯಲ್ಲೇ ಇದ್ದೆ.

"ಏನಕ್ಕ ಇದು, ಮನೇಲಿ ಮೀನಿಗೆ ಬರ ಬಂತಾ?" ಎಂದೆ.

"ಒಬ್ಬ ಹುಡುಗ ಮಾತಾಡಿದ ಕಣೇ. ಪಾಪ, ಉಸಿರು ತಗೊಳ್ಳದೆ ಓದ್ತಿದ್ದ. ಯಾರೋ ಹಿಂದೆ ನಿಂತು ಕಾಯ್ತಿದ್ರು ಅನ್ಸತ್ತೆ."

"ಬೇಡ ಅನ್ನೋಕೆ ಏನಾಗಿತ್ತು ನಿಂಗೆ?"

"ಅವನ ಮಾತು ಮುಗೀಲಿ, ಆಮೇಲೆ ಬೇಡ ಅನ್ನೋಣ ಅಂತಿದ್ದೆ. ಮುಗಿಸ್ದೋನು ಇಟ್ಟೇಬಿಟ್ಟ."

ಪೊಟ್ಟಣವನ್ನು ಅವಳು ಬಿಚ್ಚಲಿಲ್ಲ, ತೊಟ್ಟಿಗೆ ಹಾಕಲೂ ಮನಸ್ಸಿಲ್ಲದೆ ಮೆಟ್ಟಿಲ ಕೆಳಗಿಟ್ಟಳು. ಅದರ ಪಕ್ಕಕ್ಕೆ ಇನ್ನೊಂದು ಬಂತು, ಮತ್ತೊಂದು ಬಂತು. ಬಿಲ್ಲು ಬಂತು. ಬಿಲ್ಲಿಗೆ ಉತ್ತರ ಹೋಗದಿದ್ದಾಗ ವಸೂಲಿಯವರ ನೋಟೀಸು ಬಂತು. ಬದುಕಿನಲ್ಲಿ ಅಂಗಡಿಯಲ್ಲೂ ಸಾಲ ಬರೆಸದ ನನ್ನ ಅಕ್ಕ ಆ ಕಾಗದವನ್ನು ಕೈಯಲ್ಲಿ ಹಿಡಿದು ಬೆಳ್ಳಗಾಗಿ ಕೂತಿದ್ದಳು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಸುಮ್ಮನಿರುವವಳಲ್ಲ. ಕಂಪನಿಗೆ ಕರೆ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ನಯವಾಗಿ, ನಿಮ್ಮ ಅಕ್ಕ ಒಪ್ಪಿಕೊಂಡದ್ದು ನಮ್ಮಲ್ಲಿ ಧ್ವನಿಮುದ್ರಣವಾಗಿದೆ ಎಂದರು. ಮುದ್ರಣವನ್ನು ಐವಿನ್‌ಗೆ ಕಳಿಸಿಯೂಬಿಟ್ಟರು, ಮನೆಯ ಜವಾಬ್ದಾರಿಯ ಗಂಡಸೆಂದು.

ಐವಿನ್ ಪಟ್ಟಣದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಕೆಟ್ಟವನಲ್ಲ. ಭಾನುವಾರ ಫೆರಿಯಲ್ಲಿ ಬಂದು, ಅಕ್ಕ ಮಾಡಿದ ವೇಫಲ್ ಮುಟ್ಟದೆ, ಮೇಜಿನ ಮೇಲೆ ಮೊಬೈಲಿಟ್ಟು ಗುಂಡಿ ಒತ್ತಿದ.

"ಮೊದಲ ಪೊಟ್ಟಣ ಉಚಿತ, ಆಮೇಲೆ ಎರಡು ತಿಂಗಳಿಗೊಮ್ಮೆ ಬರುತ್ತೆ, ಸರೀನಾ ಯೋರುನ್ ಅವರೇ?" ಎಂದಿತು ಹುಡುಗನ ಧ್ವನಿ.

"ಮೊದಲ ಪೊಟ್ಟಣ ಉಚಿತ. ಆಮೇಲೆ ಎರಡು ತಿಂಗಳಿಗೊಮ್ಮೆ," ಎಂದಿತು ಅಕ್ಕನ ಧ್ವನಿ. ಒಂದು ಅಕ್ಷರ ಕೂಡ ಮುಕ್ಕಾಗಿರಲಿಲ್ಲ.

"ನಿಮ್ಮ ಮನೆ ಬಾಗಿಲಿಗೇ ತಲುಪಿಸ್ತೀವಿ."

"ಮನೆ ಬಾಗಿಲಿಗೇ ತಲುಪಿಸ್ತೀರಿ. ಮಾತು ಮುಗಿಯಿತೇ?"

"ಮುಗೀತು, ಥ್ಯಾಂಕ್ಸ್," ಎಂದು ಅವನು ಇಟ್ಟ. ಅವನು ಇಡುವ ಕ್ಷಣಕ್ಕೆ ಅಕ್ಕನ ಧ್ವನಿ, "ಬೇಡ, ನಮಗೆ..." ಎಂದದ್ದೂ ಕೇಳಿಸಿತು. ಅಲ್ಲಿಗೆ ಮುದ್ರಣ ಕಡಿದುಹೋಗಿತ್ತು.

ನಾನು ಮೇಜು ಗುದ್ದಿದೆ. "ಕೇಳಿಸ್ತೇನೋ? ಅವಳು ಒಪ್ಪಿಲ್ಲ. ಹಲಗೆ ಮುಂದೆ ಕೂತ ಹಾಗೇ ಕೂತಿದ್ದಾಳೆ. ಅವನು ಅಂದದ್ದನ್ನ ತಿರುಗಿ ಹೇಳಿದ್ದಾಳೆ, ಅಷ್ಟೆ. ಚಿಕ್ಕೋನಿದ್ದಾಗ ಇದನ್ನ ಕೇಳ್ಕೊಂಡೇ ನಿದ್ದೆ ಮಾಡ್ತಿದ್ಯಲ್ಲೋ."

"ಚಿಕ್ಕಮ್ಮ, ಅದೇ ನಾನು ಹೇಳೋದು," ಎಂದ ಐವಿನ್. "ಹಲಗೆ ಹೋಗಿ ನಲವತ್ತು ವರ್ಷ ಆಯ್ತು. ಅಮ್ಮ ಇನ್ನೂ ಅದರ ಮುಂದೆ ಕೂತಿದ್ದಾರೆ ಅಂದ್ರೆ, ಅದು ಒಳ್ಳೇ ಲಕ್ಷಣಾನಾ?"

"ಕಳ್ಳ ಅವನು. ಕಳೆದುಕೊಂಡೋಳಿಗೆ ಹುಚ್ಚು ಅಂತೀಯಲ್ಲ, ನಿನ್ನ ಬಾಯಿಗೆ ಏನಾಗಿದೆ?"

ಅವನು ಅಮ್ಮನ ಕಡೆ ತಿರುಗಿ ಮೆಲ್ಲಗೆ, ಡಾಕ್ಟರ ಹತ್ತಿರ ಹೋಗಿಬರೋಣ, ಅಮ್ಮನ ವ್ಯವಹಾರ ನೋಡಿಕೊಳ್ಳಲು ಒಬ್ಬ ಪಾಲಕನನ್ನು ನೇಮಿಸಲು ಅರ್ಜಿ ಹಾಕೋಣ, ಇದು ಅಮ್ಮನ ಒಳ್ಳೆಯದಕ್ಕೇ, ಎಂದ. ಒಳ್ಳೆಯದಕ್ಕೆ ಎಂಬ ಮಾತು ಕೇಳಿದರೇ ನನಗೆ ಆಗುವುದಿಲ್ಲ. ಅಕ್ಕ ತನ್ನ ಧ್ವನಿ ಬಂದ ಆ ಮೊಬೈಲನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಗ್ರಾಹಕರ ದೂರು ಕೇಳುವ ಕಚೇರಿಗೆ ಕರೆ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು. ಮಾತಿನಲ್ಲಿ ಉತ್ತರದ ಕಡೆಯ ಎಳೆತ, ಒಳ್ಳೆಯ ಹೆಂಗಸು.

"ಅವರು ಅಕ್ಕನಿಗೆ ಬರವಣಿಗೇಲಿ ಏನಾದ್ರೂ ಕಳಿಸಿದ್ರಾ? ಇವರು ಬರವಣಿಗೇಲಿ ಒಪ್ಪಿದ್ರಾ?" ಎಂದು ಕೇಳಿದಳು.

"ಇಲ್ಲ. ಬಂದದ್ದು ಬರೀ ಪೊಟ್ಟಣ, ಆಮೇಲೆ ಬಿಲ್ಲು."

"ಹಾಗಾದ್ರೆ ಮುಗೀತು. ಅವರಾಗೇ ಫೋನ್ ಮಾಡಿ ಮಾರಿದ್ರೆ, ಮಾತಲ್ಲಿ ಹೂಂ ಅಂದ್ರೆ ಸಾಲದು. ಕರೆ ಮುಗಿದ ಮೇಲೆ ಬರೆದು ಕಳಿಸಬೇಕು, ಗಿರಾಕಿ ಬರೆದು ಒಪ್ಪಬೇಕು. ನಿಮ್ಮಕ್ಕ ನೂರು ಸಲ ಹೂಂ ಅಂದಿದ್ರೂ ಅವರು ಏನೂ ಕೊಂಡಿಲ್ಲ. ಮೇಲಾಗಿ ಆ ನಂಬರಿಗೆ ಅವರು ಮಾಡೋ ಹಾಗೇ ಇರ್ಲಿಲ್ಲ."

ಈ ಮಾತು ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಇನ್ನಷ್ಟು ಸಿಟ್ಟು. ಇಷ್ಟು ಚೆನ್ನಾದ ಕಾನೂನು ಕಪಾಟಿನಲ್ಲಿ ಮಡಿಸಿಟ್ಟುಕೊಂಡು, ಆ ಹುಡುಗರನ್ನು ಬೆಳಗಿನಿಂದ ಸಂಜೆಯವರೆಗೆ ಮುದುಕಿಯರ ಮೇಲೆ ಬಿಟ್ಟಿದ್ದಾರಲ್ಲ. ಕಾನೂನು ಗೊತ್ತಿಲ್ಲದವರು ಹೆದರಿ ದುಡ್ಡು ಕಟ್ಟುತ್ತಾರೆ ಎಂಬ ಲೆಕ್ಕದ ಮೇಲೇ ಅವರ ಅಂಗಡಿ ನಡೆಯುವುದು. ಆ ಹೆಂಗಸು ಹೇಳಿಕೊಟ್ಟ ಹಾಗೇ ಒಂದು ಪತ್ರ ಬರೆದು ಹಾಕಿದೆ. ವಾರ ಕಳೆಯುವಷ್ಟರಲ್ಲಿ ಉತ್ತರ ಬಂತು. ಗಿರಾಕಿಯ ಮೇಲಿನ ವಿಶ್ವಾಸದಿಂದ, ಈ ಸಲಕ್ಕೆ ಮಾತ್ರ, ಬಿಲ್ಲನ್ನು ರದ್ದು ಮಾಡಿದ್ದೇವೆ ಎಂದು ಬರೆದಿದ್ದರು. ಕದ್ದ ಮಾಲು ತಿರುಗಿ ಕೊಡುವಾಗ ದಾನ ಕೊಟ್ಟವರ ಗತ್ತು. ತಪ್ಪಾಯಿತು ಎಂಬ ಪದ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ನಾವು ಗೆದ್ದೆವು ಎಂದುಕೊಂಡೆ. ಆದರೆ ಕಂಪನಿಯನ್ನು ಸೋಲಿಸಲು ಕಾನೂನು ಇದೆ, ಮನೆಯವರ ಕಾಳಜಿಯನ್ನು ಸೋಲಿಸಲು ಯಾವ ಕಾನೂನೂ ಇಲ್ಲ. ಮುಂದಿನ ಭಾನುವಾರ ಐವಿನ್ ಮತ್ತೆ ಬಂದ. ಪಾಲಕನ ಅರ್ಜಿ ಬಿಡುತ್ತೇನೆ, ಅದರ ಬದಲು ಫೋನಿಗೆ ಒಂದು ತಡೆ ಹಾಕಿಸೋಣ, ಗುರುತಿನವರ ನಂಬರುಗಳು ಮಾತ್ರ ಒಳಗೆ ಬರುತ್ತವೆ, ಎಂದ.

"ಅವಳ ಫೋನು, ಅವಳ ಬಾಗಿಲು. ಕಳ್ಳ ಬಂದ ಅಂತ ಮನೆಯವಳನ್ನೇ ಒಳಗೆ ಹಾಕಿ ಬೀಗ ಜಡೀತಾರಾ?" ಎಂದೆ.

ಅಕ್ಕ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು. ಮಗನನ್ನು ಕೇಳಿದ್ದು ಒಂದೇ ಮಾತು. "ಬೋರ್ಗಿಲ್ಡ್ ಬರ್ತಾಳಾ?"

"ಬರ್ತಾರಮ್ಮ. ನೋಡು, ಆರೈಕೆ ಮನೆ ನಂಬರು ಎಲ್ಲರಿಗಿಂತ ಮೊದಲೇ ಹಾಕಿದ್ದೀನಿ."

ಅವನು ಹಾಕಿದ್ದು ನಿಜ. ಆ ಮನೆಯ ಕಚೇರಿಯ ನಂಬರು ಹಾಕಿದ್ದ. ಬೋರ್ಗಿಲ್ಡ್ ಎಂದೂ ಆ ನಂಬರಿನಿಂದ ಮಾಡಿದವಳಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನನಗೂ ಸಿಟ್ಟಿನಲ್ಲಿ ಅದು ಹೊಳೆಯಲಿಲ್ಲ. ಫೋನಿಗೆ ನಂಬರು ಮುಖ್ಯ ಎಂದುಕೊಂಡ ಕಾಲದವನು ಅವನು. ಅಕ್ಕನೋ, ನಂಬರು ನೋಡಿ ಕರೆ ತೆಗೆಯುವ ಅಭ್ಯಾಸವೇ ಇಲ್ಲದವಳು. ಬೋರ್ಗಿಲ್ಡ್ ಬರುತ್ತಾಳೆ ಎಂದು ಮಗ ಹೇಳಿದ, ನಂಬಿದಳು.

ಫೋನು ಸುಮ್ಮನಾಯಿತು. ಮೊದಲು ನೆಮ್ಮದಿ ಅನ್ನಿಸಿತು, ಆಮೇಲೆ ಅಲ್ಲ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಅಕ್ಕ ಆರೈಕೆ ಮನೆಗೆ ಕರೆ ಮಾಡಿದರೆ, ಬೋರ್ಗಿಲ್ಡ್ ಚೆನ್ನಾಗಿದ್ದಾರೆ, ಊಟ ಮಾಡುತ್ತಿದ್ದಾರೆ, ಎಂದರು. ಊಟ ಮಾಡುವವಳು ಫೋನು ಯಾಕೆ ಮಾಡುವುದಿಲ್ಲ? ತಾನು ಏನಾದರೂ ತಪ್ಪು ಮಾತಾಡಿದೆನೇ ಎಂದು ಅಕ್ಕ ಕೊನೆಯ ಕರೆಯ ಪ್ರತಿ ಮಾತನ್ನೂ ನನ್ನ ಮುಂದೆ ತಿರುವಿ ಹಾಕಿದಳು. ರಟ್ಟಿನ ಮೇಲೆ ಉಣ್ಣೆ ಸುತ್ತುತ್ತಾ ಕೂತವಳು ಫೋನಿನ ಕಡೆ ನೋಡುವುದು, ಮತ್ತೆ ಸುತ್ತುವುದು. ನನಗೆ ಆ ನೋಟ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಅವಳ ಕೋಟನ್ನು ಅವಳ ಮಡಿಲಿಗೆ ಎಸೆದು, ಏಳು, ಹೋಗೋಣ, ಎಂದೆ. ಆ ಮಂಡಿಯಲ್ಲಿ ಫೆರಿಯ ಮೆಟ್ಟಿಲು ಹತ್ತುವುದು ಅವಳಿಗೆ ಸಣ್ಣ ಕೆಲಸವಾಗಿರಲಿಲ್ಲ.

ಬೋರ್ಗಿಲ್ಡ್ ಕಿಟಕಿಯ ಪಕ್ಕ ಕೂತಿದ್ದಳು. ನಮ್ಮ ಹೆಜ್ಜೆ ಕೇಳಿ ತಲೆಯೆತ್ತಿದಳು. ಅಕ್ಕ ಅವಳ ಹೆಸರು ಹೇಳಿದ ಕೂಡಲೇ ಮುಖ ಕಿಟಕಿಯ ಕಡೆಗೆ ತಿರುಗಿಸಿದಳು.

"ಬಂದ್ಯಾ," ಎಂದಳು. "ಈಗ ಯಾಕೆ ಬಂದೆ?"

"ನೀನು ಫೋನೇ ಮಾಡ್ಲಿಲ್ಲ, ಬೋರ್ಗಿಲ್ಡ್."

"ನಾನು ಮಾಡ್ಲಿಲ್ವಾ? ಇಲ್ಲಿನ ದಾದಿ, ಆ ಪೋಲೆಂಡಿನ ಹುಡುಗಿ ಫೋನಿಂದ ಮಾಡಿದೆ, ಅಡುಗೆಯವನ ಫೋನಿಂದ ಮಾಡಿದೆ, ಪಕ್ಕದ ಕೋಣೆ ಮುದುಕನ ಮೊಮ್ಮಗಳನ್ನ ಬೇಡಿ ಮಾಡಿದೆ. ಪ್ರತೀ ಸಲ ಯಂತ್ರದ ಹೆಂಗಸೊಬ್ಬಳು ಹೇಳ್ತಾಳೆ, ಇವರು ನಿಮ್ಮ ಕರೆ ಸ್ವೀಕರಿಸೋದಿಲ್ಲ ಅಂತ. ಆ ಹುಡುಗಿ ಅಂದ್ಳು, ಅಜ್ಜಿ, ಅವರು ನಿಮ್ಮನ್ನ ಬೇಡ ಅಂತ ತಡೆ ಹಾಕಿದ್ದಾರೆ, ಬಿಟ್ಟುಬಿಡಿ. ಇಡೀ ಊಟದ ಕೋಣೆ ಕೇಳಿಸ್ಕೊಳ್ತು."

ಐವಿನ್ ಮಾಡಿದ ಕೆಲಸವನ್ನು ಹೇಳಲು ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು. ಮಗನನ್ನು ಯಾರ ಮುಂದೆಯೂ ಬಿಟ್ಟುಕೊಡದ ಹೆಂಗಸು ಅವಳು.

"ಫೋನಿನಲ್ಲಿ ಏನೋ ತಪ್ಪಾಗಿತ್ತು. ಗೊತ್ತಾಗ್ಲಿಲ್ಲ ನಂಗೆ," ಎಂದಳು. "ಇವತ್ತೇ ಸರಿ ಮಾಡಿಸ್ತೀನಿ. ಮಾಡ್ತೀಯಲ್ಲ?"

"ನೋಡೋಣ. ಇನ್ನೊಬ್ಬರ ಹತ್ರ ಫೋನು ಬೇಡೋಕೆ ನಂಗೂ ನಾಚಿಕೆ ಆಗತ್ತೆ, ಯೋರುನ್. ಒಂದು ಸಲ ಇಲ್ಲ ಅನ್ನಿಸ್ಕೊಂಡ ಮೇಲೆ ಇನ್ನೂ ಜಾಸ್ತಿ."

ಇಬ್ಬರೂ ಕೈ ಹಿಡಿದು ಕೂತರು, ಕಾಫಿ ಕುಡಿದರು. ಆದರೆ ಹೆಚ್ಚು ಮಾತು ಬರಲಿಲ್ಲ. ತಂತಿಯಲ್ಲಿ ಬೆಳೆದ ಸ್ನೇಹ, ಎದುರು ಬದುರು ಕೂತರೆ ಅವರಿಗೆ ಮೊದಲಿನಿಂದಲೂ ಸಂಕೋಚ.

ಅಲ್ಲಿಂದ ನೇರವಾಗಿ ಐವಿನ್‌ನ ಕಚೇರಿಗೆ ಹೋಗಿ, ಅವನ ಜೊತೆಯವರ ಮುಂದೆಯೇ ನಾನು ಅವನ ಚರ್ಮ ಸುಲಿದೆ. ಅವನ ಮುಖ ಕಪ್ಪಿಟ್ಟಿತು. ಅಮ್ಮನ ಮುಖ ನೋಡಿ ಅಲ್ಲೇ ಕೂತು ತಡೆ ತೆಗೆಸಿದ. ಅವನಿಗೆ ಅಳು ಬಂದಿತ್ತು ಎಂದು ಅಕ್ಕ ಆಮೇಲೆ ಹೇಳಿದಳು. ಬರಲಿ ಬಿಡು ಎಂದೆ.

ಬಾಗಿಲು ತೆರೆದದ್ದು ಎಲ್ಲರಿಗಿಂತ ಮೊದಲು ಯಾರಿಗೆ ಗೊತ್ತಾಗಬೇಕು? ಅದೇ ವಾರ, ಅಕ್ಕ ಆಲೂಗಡ್ಡೆ ಸುಲಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಚಾಕು ಬಿಸಾಡಿ, ಮೇಜಿನ ಮೂಲೆಗೆ ಸೊಂಟ ಬಡಿಸಿಕೊಂಡು, ಒದ್ದೆ ಕೈಯಲ್ಲೇ ಹೋಗಿ ಎತ್ತಿದಳು.

"ಬೋರ್ಗಿಲ್ಡ್?" ಎಂದಳು.

ಆಮೇಲೆ ಅವಳ ಮುಖ ನೋಡಿದೆ. ಫೋನನ್ನು ಕಿತ್ತುಕೊಂಡೆ. ಇನ್ನೊಬ್ಬ ಹುಡುಗ, ಈ ಸಲ ಕರೆಂಟಿನ ಒಪ್ಪಂದ ಮಾರುವವನು, ಯೋರುನ್ ಅವರು ಇವತ್ತು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದ. ಚಳಿಗಾಲವಿಡೀ ಎದೆಯಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಹೊರಬಂತು. ನೀನು ಯಾರು, ಯಾವ ಕಂಪನಿ, ಪಟ್ಟಿ ನೋಡಿದ್ದೀಯಾ, ಆ ಪಟ್ಟಿ ಯಾಕಿದೆ ಗೊತ್ತಾ, ನಿನ್ನ ಮೇಲಿನವನ ಹೆಸರು ಹೇಳು, ಅವನ ಮೇಲಿನವನ ಹೆಸರು ಹೇಳು ಎಂದು ಒಂದೊಂದಾಗಿ ಹಿಡಿದು ಜಾಡಿಸಿದೆ. ಅವನು ತಪ್ಪಿಸಿಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬೈದ ನೆನಪಿಲ್ಲ. ಆಲೂಗಡ್ಡೆಯ ನೀರು ಕುದಿದು ಒಲೆಯ ಮೇಲೆ ಉಕ್ಕಿತು, ಆಗಲೂ ನಿಲ್ಲಿಸಲಿಲ್ಲ. ಕೊನೆಗೆ ಅವನೇ ಇಟ್ಟ.

ಬೆವರು ಒರೆಸಿಕೊಂಡು ಗೆದ್ದವಳ ಹಾಗೆ ತಿರುಗಿದೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಸಿಟ್ಟಿನಲ್ಲಿ ನಾನು ನೋಡಿದ್ದು ಅದೇ ಮೊದಲು.

"ಇಷ್ಟು ಹೊತ್ತು ಲೈನು ಹಿಡ್ಕೊಂಡಿದ್ಯಲ್ಲೇ," ಎಂದಳು. "ಅಷ್ಟರಲ್ಲಿ ಅವಳು ಯಾರನ್ನೋ ಬೇಡಿ ಮಾಡಿದ್ರೆ?"

ನಾನು ಫೋನನ್ನು ಅದರ ಜಾಗದಲ್ಲಿಟ್ಟೆ. ಅವಳು ಅಡುಗೆಮನೆಯಿಂದ ಕುರ್ಚಿ ಎಳೆದುಕೊಂಡು ಬಂದು ಫೋನಿನ ಪಕ್ಕ ಹಾಕಿ ಕೂತಳು. ಬೋರ್ಗಿಲ್ಡ್ ಇನ್ನೂ ಮಾಡಿಲ್ಲ.